ಪುಸ್ತಕ ಮುಚ್ಚಿದ ಮೇಲೆ ಉಳಿಯುವುದೇನು?

"ಫಾದರ್, ರಕ್ತಪಿಶಾಚಿಯ ಪ್ರೇಮಕಥೆ ಓದಿದರೆ ಪಾಪವೇ?" ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ನಮ್ಮ ಕಾಲೇಜು ಮಕ್ಕಳು ಹೀಗೆ ಕೇಳುವುದುಂಟು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾಯುತ್ತಿದ್ದ ತಾಯಂದಿರ ಮಕ್ಕಳು ಇವರು. ಇವರಿಗೆ ಕಾಯುವ ಕೆಲಸವಿಲ್ಲ. ಮೊಬೈಲಿನಲ್ಲಿ ಒಂದು ಕಂತು ಮುಗಿದೊಡನೆ ಇನ್ನೊಂದು ಸಿದ್ಧ. ಹೀಗಿರುವಾಗ, ಯಾವ ಕಥೆಯನ್ನು ಮುಂದುವರಿಸಬೇಕು, ಯಾವುದನ್ನು ನಡುವೆಯೇ ಬಿಡಬೇಕು ಎಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ.

ಧರ್ಮಸಭೆಯಲ್ಲಿ ಒಂದು ಕಾಲಕ್ಕೆ ನಿಷಿದ್ಧ ಗ್ರಂಥಗಳ ಪಟ್ಟಿಯಿತ್ತು. 1966ರಲ್ಲಿ ಅದಕ್ಕಿದ್ದ ಕಾನೂನಿನ ಬಲ ಹೋಯಿತು. ಅಂದಿನಿಂದ ಆ ಹೊಣೆ ನಮ್ಮ ನಮ್ಮ ಮನಸ್ಸಾಕ್ಷಿಯ ಮೇಲಿದೆ.

ಮನಸ್ಸಾಕ್ಷಿಗೆ ದಾರಿ ತೋರಿಸಲು ಲೊಯೋಲದ ಸಂತ ಇಗ್ನೇಷಿಯಸ್ ಇದ್ದಾರೆ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಮನೆಯಲ್ಲಿ ಮಲಗಿದ್ದಾಗ ಹೊತ್ತು ಕಳೆಯಲು ಅವರು ಕೇಳಿದ್ದು ವೀರರ ಪ್ರಣಯಕಥೆಗಳನ್ನು. ಅವು ಅಲ್ಲಿರಲಿಲ್ಲ, ಸಿಕ್ಕಿದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ದೊಡ್ಡ ಮನೆತನದ ಮಹಿಳೆಯೊಬ್ಬಳ ಕನಸು ಕಾಣುವಾಗ ಅವರಿಗೆ ಸುಖವಿರುತ್ತಿತ್ತು, ಕನಸು ಮುಗಿದಾಗ ಮನಸ್ಸು ಒಣಗಿರುತ್ತಿತ್ತು. ಸಂತರಂತೆ ಬಾಳುವ ಕನಸಾದರೆ, ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಓದುವಾಗಿನ ರುಚಿ ಮೋಸ ಮಾಡಬಹುದು. ಓದಿದ ಮೇಲೆ ಉಳಿಯುವ ರುಚಿ ನಿಜ ಹೇಳುತ್ತದೆ.

ಸಂತ ತೋಮಸ್ ಅಕ್ವಿನಾಸರು ಪ್ರೀತಿಯಲ್ಲಿ ಎರಡು ಬಗೆಯನ್ನು ಕಾಣುತ್ತಾರೆ. ದ್ರಾಕ್ಷಾರಸವನ್ನು ಇಷ್ಟಪಡುವಂತೆ, ನನಗಾಗಿ ಬಯಸುವುದು ಒಂದು. ಇನ್ನೊಬ್ಬರಿಗೆ ಒಳಿತಾಗಲೆಂದು ಬಯಸುವ ಸ್ನೇಹದ ಪ್ರೀತಿ ಇನ್ನೊಂದು. ಮೊದಲನೆಯದೇ ಮೈತಾಳಿ ಬಂದಂತೆ ಈ ರಕ್ತಪಿಶಾಚಿ: ಪ್ರೀತಿಸಿದವಳನ್ನೇ ಹೀರಿ ತಾನು ಬದುಕುತ್ತದೆ. ಇಂಥ ಹಸಿವು ಸ್ನೇಹವಾಗಬಲ್ಲದೇ? ಈ ಕಥೆಗಳನ್ನು ತೂಗಿ ನೋಡಲು ಇದೇ ತಕ್ಕಡಿ.

ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' (1897) ಪ್ರೇಮಕಥೆಯಲ್ಲ, ಆದರೆ ಮುಂದಿನವಕ್ಕೆಲ್ಲ ದಾರಿ ಹಾಕಿದ ಕಾದಂಬರಿ. ಅದರಲ್ಲಿ ಡ್ರಾಕುಲಾ ಲೂಸಿಯ ರಕ್ತ ಹೀರುತ್ತಾನೆ. ಅವಳನ್ನು ಉಳಿಸಲು ನಾಲ್ವರು ಒಬ್ಬರಾದ ಮೇಲೊಬ್ಬರು ತಮ್ಮ ರಕ್ತ ಕೊಡುತ್ತಾರೆ. ಹೀರುವವನಿಗೂ ಕೊಡುವವರಿಗೂ ಇರುವ ಅಂತರ ಅಲ್ಲಿ ಮಸುಕಾಗುವುದೇ ಇಲ್ಲ. ಆನ್ ರೈಸ್ ಅವರ 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' (1976) ಎಳೆಯರಿಗೆ ತಕ್ಕದ್ದಲ್ಲ. ಆದರೆ ಅದನ್ನು ಬರೆದವರು 1972ರಲ್ಲಿ ಐದು ವರ್ಷದ ಮಗಳನ್ನು ರಕ್ತದ ಕ್ಯಾನ್ಸರಿಗೆ ಕಳೆದುಕೊಂಡ ತಾಯಿ. ಸಾಯದ, ಬೆಳೆಯಲೂ ಆಗದ ಪುಟ್ಟ ಹುಡುಗಿಯೊಬ್ಬಳು ಅದರಲ್ಲಿದ್ದಾಳೆ. ಕೊಂದು ಬದುಕುವವನ ಸಂಕಟವನ್ನು ಆ ಪುಸ್ತಕ ಮುಚ್ಚಿಡುವುದಿಲ್ಲ.

ನಮ್ಮ ಮಕ್ಕಳಿಗೆ ಹೆಚ್ಚು ಪರಿಚಿತವಾದದ್ದು ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' (2005). ಎಡ್ವರ್ಡ್‌ಗೆ ಬೆಲ್ಲಾಳ ರಕ್ತದ ಮೇಲೆ ತಡೆಯಲಾರದ ಆಸೆ, ಆದರೂ ತಡೆದುಕೊಳ್ಳುತ್ತಾನೆ. ಈ ಸಂಯಮ ಮೆಚ್ಚತಕ್ಕದ್ದೇ. ಆದರೆ ಅವಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು, ಅವಳು ಮಲಗಿರುವುದನ್ನು ನೋಡುತ್ತ ಕೂರುತ್ತಾನೆ. ಕಥೆ ಇದನ್ನೂ ಪ್ರೀತಿಯೆಂದೇ ಒಪ್ಪಿಸುತ್ತದೆ. ಮುಂದಿನ ಪುಸ್ತಕದಲ್ಲಿ ಅವನು ಬಿಟ್ಟುಹೋದಾಗ ಅವಳ ಬದುಕೇ ಬರಿದಾಗುತ್ತದೆ. ಅವನ ದನಿ ಕೇಳಿಸೀತೆಂದು ಬೇಕೆಂದೇ ಅಪಾಯಕ್ಕೆ ಇಳಿಯುತ್ತಾಳೆ. ನಿನ್ನ ಫೋನನ್ನು ಕಸಿದು ನೋಡುವ, ಗೆಳತಿಯರಿಂದ ನಿನ್ನನ್ನು ದೂರ ಮಾಡುವ ಹುಡುಗನ ನಡತೆ ಪ್ರೀತಿಯಂತೆ ಕಾಣತೊಡಗಿದರೆ, ಮಗಳೇ, ಪುಸ್ತಕವನ್ನು ಅಲ್ಲಿಗೇ ಮುಚ್ಚು.

ದುಡುಕಿನ ಪ್ರೀತಿಯ ಕಥೆ ದುರ್ಗದವರಿಗೆ ಹೊಸದೇನಲ್ಲ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ 'ನಾಗರಹಾವು' ನಮ್ಮ ಕೋಟೆಯ ಬಂಡೆಗಳ ಮೇಲೆಯೇ ನಡೆಯುತ್ತದೆ. ರಾಮಾಚಾರಿಯ ರೋಷಕ್ಕೆ ಅವನೂ ಮಾರ್ಗರೆಟ್ ಎಂಬ ಕ್ರೈಸ್ತ ಹುಡುಗಿಯೂ ಮಾತ್ರವಲ್ಲ, ಮಗನಂತೆ ಪ್ರೀತಿಸಿದ ಚಾಮಯ್ಯ ಮೇಷ್ಟ್ರೂ ಬಲಿಯಾಗುತ್ತಾರೆ. ಆ ಕಥೆ ಮರುಕ ಹುಟ್ಟಿಸುತ್ತದೆ, ಆದರೆ ವಿಷವನ್ನು ಅಮೃತವೆನ್ನುವುದಿಲ್ಲ. ಕತ್ತಲೆಯನ್ನು ತೋರಿಸಿದ್ದಕ್ಕೆ ಒಂದು ಕಥೆ ಕೆಟ್ಟದಾಗುವುದಿಲ್ಲ; ಕತ್ತಲೆಗೆ ಬೆಳಕೆಂದು ಹೆಸರಿಟ್ಟರೆ ಕೆಟ್ಟದಾಗುತ್ತದೆ.

ಆದ್ದರಿಂದ ಪ್ರಿಯ ಯುವಕ ಯುವತಿಯರೇ, ಕೆಲವು ಅಧ್ಯಾಯಗಳಾದ ಮೇಲೆ ನಿಂತು ಕೇಳಿಕೊಳ್ಳಿ. ಈ ಕಥೆಯಲ್ಲಿ ಪ್ರೀತಿಸುವವನು ಏನನ್ನಾದರೂ ಕೊಡುತ್ತಾನೆಯೇ, ಬರೀ ತೆಗೆದುಕೊಳ್ಳುತ್ತಾನೆಯೇ? ಪ್ರೀತಿಸಲ್ಪಟ್ಟವಳಿಗೆ ತನ್ನದೆಂಬ ಬಾಳು ಉಳಿದಿದೆಯೇ? ಪುಸ್ತಕ ಕೆಳಗಿಟ್ಟಾಗ ಮನೆಯವರ ಮೇಲೆ ನನಗೆ ಅಕ್ಕರೆ ಹೆಚ್ಚಿದೆಯೇ, ಬೇಸರ ಹೆಚ್ಚಿದೆಯೇ? ಉತ್ತರ ಒಳ್ಳೆಯದಾದರೆ ಮುಂದುವರಿಸಿ.

ತಂದೆತಾಯಿಗಳೇ, ಮೊಬೈಲ್ ಕಸಿದುಕೊಳ್ಳುವ ಮೊದಲು "ಕಥೆ ಎಲ್ಲಿಗೆ ಬಂತಮ್ಮಾ?" ಎಂದು ಊಟದ ಹೊತ್ತಿನಲ್ಲಿ ಕೇಳಿ ನೋಡಿ. ಮಗಳ ಮನಸ್ಸಿನಲ್ಲಿ ಏನಿದೆಯೆಂದು ಕಥೆಯ ನೆಪದಲ್ಲಿ ತಿಳಿದೀತು. ಇನ್ನೊಬ್ಬರ ರಕ್ತದಿಂದ ಬದುಕುವವನ ಕಥೆಯನ್ನು ಅವಳು ಓದಿರಬಹುದು. ನಮಗಾಗಿ ತಮ್ಮ ರಕ್ತವನ್ನೇ ಸುರಿಸಿದ ಪ್ರಭುವನ್ನು ಭಾನುವಾರದ ಬಲಿಪೂಜೆಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಆರಾಧಿಸುತ್ತಾಳೆ. ಈ ಎರಡರ ವ್ಯತ್ಯಾಸವನ್ನು ಅವಳೊಡನೆ ಮಾತಾಡಲು ನಿಮಗಿಂತ ಹತ್ತಿರದವರು ಯಾರಿದ್ದಾರೆ?