ಇಂದಿನ ಚಿಂತನೆ: ಬಿಟ್ಟದ್ದೋ, ಕೈಜಾರಿದ್ದೋ?



ಆಸೆಪಟ್ಟು ಕಲಿತ ಹವ್ಯಾಸ ತಾನಾಗಿ ನಿಂತುಹೋದರೆ ಅದನ್ನು ತ್ಯಾಗ ಎನ್ನಬಹುದೇ? "ಅಂಟಿಕೊಳ್ಳಬಾರದು ಎಂದು ಧಮ್ಮವೇ ಹೇಳುತ್ತದಲ್ಲ, ಬಿಟ್ಟಿದ್ದು ಒಳ್ಳೆಯದೇ ಆಯಿತು" ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ.

ಎರಡು ವರ್ಷ ನಾನು ರೀಲ್ ಕ್ಯಾಮೆರಾದಲ್ಲಿ ಫೋಟೊ ತೆಗೆಯುವುದನ್ನು ಕಲಿತೆ. ಒಂದು ರೋಲಿಗೆ 36 ಚಿತ್ರ. ಬೆಳಕು ಬಿದ್ದ ಕ್ಷಣದಲ್ಲೇ ಚಿತ್ರ ಫಿಲ್ಮಿನಲ್ಲಿ ಮೂಡಿರುತ್ತದೆ, ಆದರೆ ಡೆವಲಪ್ ಮಾಡುವವರೆಗೆ ಕಣ್ಣಿಗೆ ಕಾಣದು. ತೆಗೆದ ಕೂಡಲೇ ನೋಡಿ ಅಳಿಸುವಂತಿಲ್ಲ. ಹಾಗಾಗಿ ಬಟನ್ ಒತ್ತುವ ಮೊದಲೇ ಚೆನ್ನಾಗಿ ನೋಡಬೇಕು: ಬೆಳಕು ಎಲ್ಲಿಂದ ಬರುತ್ತಿದೆ, ನೆರಳು ಎಲ್ಲಿ ಬಿದ್ದಿದೆ, ಈ ಚಿತ್ರ ನನಗೆ ಯಾಕೆ ಬೇಕು? ಬರಬರುತ್ತಾ ಒಂದು ರೋಲ್ ಮುಗಿಯಲು ತಿಂಗಳುಗಳೇ ಹಿಡಿದವು. ಈಗ ಕ್ಯಾಮೆರಾ ಬೀರುವಿನಲ್ಲಿದೆ. ಬಿಡಬೇಕೆಂದು ಯಾವತ್ತೂ ತೀರ್ಮಾನಿಸಿದ್ದಿಲ್ಲ.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಭಗವಾನರು ತೆಪ್ಪದ ಉಪಮೆ ಕೊಡುತ್ತಾರೆ. ಹುಲ್ಲು, ಕಟ್ಟಿಗೆ, ಎಲೆಗಳಿಂದ ತೆಪ್ಪ ಕಟ್ಟಿ ದಾಟಿದವನು ದಡ ಸೇರಿದ ಮೇಲೂ ಅದನ್ನು ತಲೆಯ ಮೇಲೆ ಹೊತ್ತು ತಿರುಗಬೇಕಿಲ್ಲ. ಅದು ಧಮ್ಮದ ಬಗ್ಗೆ ಹೇಳಿದ್ದು, ಕ್ಯಾಮೆರಾದ ಬಗ್ಗೆ ಅಲ್ಲ. ಆದರೂ ಒಂದು ವಿಷಯ ಗಮನಿಸಿ: ಅಲ್ಲಿ ಬಿಡುವ ಮಾತು ಬರುವುದು ದಾಟಿದ ಮೇಲೆ. *ನಡುಹೊಳೆಯಲ್ಲಿ ಕೈಜಾರಿದ ತೆಪ್ಪ ತ್ಯಾಗವಲ್ಲ.*

ಗುರುತಿಸುವುದು ಹೇಗೆ? ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ.

1. ಆಸೆ ಎಲ್ಲಿ ಹೋಯಿತು? ಕ್ಯಾಮೆರಾದಿಂದ ಮೊಬೈಲಿಗೆ, ಅಲ್ಲಿಂದ ಇನ್ನೊಂದಕ್ಕೆ ಹಾರಿದ್ದರೆ ತಣ್ಹೆ ಮನೆ ಬದಲಿಸಿದೆ, ಅಷ್ಟೇ.

2. ಅದು ಕಲಿಸಿದ್ದು ಉಳಿದಿದೆಯೇ? ಕ್ಯಾಮೆರಾ ಇಲ್ಲದೆಯೂ ಗೋಡೆಯ ಮೇಲೆ ಸಂಜೆಬಿಸಿಲು ಸರಿಯುವುದನ್ನು ನಿಂತು ನೋಡಬಲ್ಲೆನೇ?

ಎರಡನೆಯದಕ್ಕೆ ನನ್ನ ಉತ್ತರ ಹೌದು. ಮೊದಲನೆಯದಕ್ಕೆ ಹೌದು, ಇಲ್ಲ ಎನ್ನಲು ಇನ್ನೂ ಧೈರ್ಯ ಸಾಲದು.

ಇದು ಬರೀ ಹವ್ಯಾಸದ ಮಾತಲ್ಲ. ಬೆಳಗಿನ ಧ್ಯಾನವೂ ಹೀಗೆಯೇ ಜಾರುತ್ತದೆ. ಮೊದಲು ದಿನಾ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಶಿಬಿರ ಇದ್ದಾಗ ಮಾತ್ರ. ಆಗಲೂ ಮನಸ್ಸು ಹೇಳುವುದು ಅದನ್ನೇ: "ಅದಕ್ಕೂ ಅಂಟಿಕೊಳ್ಳಬಾರದಲ್ಲ!" ಸೋಮಾರಿತನಕ್ಕೆ ವೈರಾಗ್ಯದ ಹೆಸರು ಕೊಟ್ಟರೆ ಎರಡನ್ನೂ ಗುರುತಿಸುವ ಕಣ್ಣು ಮಂಕಾಗುತ್ತದೆ.

ಇಂದಿನ ಅಭ್ಯಾಸ: ನಿಮ್ಮಿಂದ ಜಾರಿಹೋದ ಒಂದನ್ನು ನೆನಪಿಸಿಕೊಳ್ಳಿ. ಬೇಕಿದ್ದರೆ ಮತ್ತೆ ಕೈಗೆತ್ತಿಕೊಳ್ಳಿ, ಬೇಡವಾದರೆ ಅರಿವಿನಿಂದ ಬಿಡಿ.

ಸರ್ವರಿಗೂ ಮಂಗಳವಾಗಲಿ 🪷