ಚಿಲ್ಲರೆಯಲ್ಲಿ ಬಂದ ಬಸವಣ್ಣ

ಇಳಕಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಗಿರ್ಮಿಟ್ ತಿಂದು ನೋಟು ಕೊಟ್ಟೆ. "ತಗೋರಿ ಅಣ್ಣಾರ, ಚಿಲ್ಲರ" ಎಂದು ಅಂಗಡಿಯಾಕೆ ಅಂಗೈಗೆ ಐದರ ನಾಣ್ಯ ಹಾಕಿದಳು. ಜೇಬಿಗೆ ಇಳಿಸುವ ಮುನ್ನ ರೂಢಿಯಂತೆ ಹೊರಳಿಸಿ ನೋಡಿದೆ. ಬಸವಣ್ಣನವರಿದ್ದರು.

ಬಸವಣ್ಣನವರ ನೆನಪಿಗೆ ಐದು ರೂಪಾಯಿಯದೂ ನೂರು ರೂಪಾಯಿಯದೂ ನಾಣ್ಯಗಳು 2006ರ ಇಸವಿ ಹೊತ್ತು ಬಂದವು. ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಬೆಂಗಳೂರಿನಲ್ಲಿ ಅವನ್ನು ಬಿಡುಗಡೆ ಮಾಡಿದ್ದರು. ನೂರರದ್ದು ಸಂಗ್ರಾಹಕರ ಪೆಟ್ಟಿಗೆ ಸೇರಿತು, ಐದರದ್ದು ಸಂತೆಗೆ ಹೋಯಿತು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ ಹೊನ್ನಿನ ಲೆಕ್ಕ ಇಟ್ಟವರು, ಎಂಟು ಶತಮಾನಗಳಾಚೆ ತಾವೇ ನಾಣ್ಯವಾಗಿ, ತಾವು ಐಕ್ಯರಾದ ಕೂಡಲಸಂಗಮದ ಇದೇ ಸೀಮೆಯಲ್ಲಿ ಕೈಯಿಂದ ಕೈಗೆ ತಿರುಗುತ್ತಿದ್ದಾರೆ.

ನಾಣ್ಯದ ಸ್ಥಿತಿ ನೋಡಲು ಒಂದು ಕ್ರಮವಿದೆ. ಬೆರಳಿನ ಬೆವರು ಮುಖಕ್ಕೆ ತಾಗದಂತೆ ಅಂಚು ಮಾತ್ರ ಹಿಡಿಯಬೇಕು, ಬೆಳಕಿಗೆ ಓರೆಯಾಗಿಟ್ಟು ಮೆಲ್ಲಗೆ ವಾಲಿಸಬೇಕು. ಟಂಕಸಾಲೆಯಲ್ಲಿ ಅಚ್ಚಿನ ಪೆಟ್ಟು ಬಿದ್ದ ಆ ಗಳಿಗೆ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಹರಿದ ಜಾಡು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತದೆ. ವಾಲಿಸಿದಾಗ ಬೆಳಕು ಗಾಲಿಯ ಅರಗಳಂತೆ ಸುತ್ತಿದರೆ ಹುಟ್ಟಿನ ಹೊಳಪು ಇನ್ನೂ ಇದೆ. ಚಲಾವಣೆಯನ್ನೇ ಕಾಣದ್ದು 'ಅನ್‌ಸರ್ಕ್ಯುಲೇಟೆಡ್'. ಅಲ್ಲಿಂದ 'ಎಕ್ಸ್‌ಟ್ರೀಮ್ಲಿ ಫೈನ್', 'ವೆರಿ ಫೈನ್', 'ಫೈನ್' ಎಂದು ಮೆಟ್ಟಿಲಿಳಿಯುತ್ತ ಕೊನೆಗೆ ಬರೀ ಸವಕಲು. ಮೊದಲು ಸವೆಯುವುದು ಎತ್ತರದ ಜಾಗ. ಒಂದು ಮಗ್ಗುಲಲ್ಲಿ ಸಿಂಹಗಳ ಎದೆ, ಇನ್ನೊಂದರಲ್ಲಿ ಮೂಗು, ಕೆನ್ನೆ. ಚೀಲದಲ್ಲಿ ಒಂದಕ್ಕೊಂದು ಬಡಿದು ಬಿದ್ದ ಕಚ್ಚನ್ನು ಸವೆತವೆಂದು ತಿಳಿಯಬಾರದು. ಕಚ್ಚು ಲೋಹವನ್ನು ಪಕ್ಕಕ್ಕೆ ಸರಿಸುತ್ತದೆ, ಸವೆತ ಒಯ್ದೇಬಿಡುತ್ತದೆ.

ಒಯ್ದದ್ದು ಎಲ್ಲಿಗೆ? ವರ್ಷಗಳಿಂದ ನನ್ನನ್ನು ಬಿಡದ ಬೆರಗು ಇದು. ನನ್ನ ಕೈಲಿದ್ದ ನಾಣ್ಯದಲ್ಲಿ ಕೆನ್ನೆ ನುಣ್ಣಗಾಗಿತ್ತು, ಮೂಗಿನ ಏಣು ಕರಗಿತ್ತು. 'ವೆರಿ ಫೈನ್' ಎಂದೆ ಮನಸ್ಸಿನಲ್ಲೇ. ಆದರೆ ಆ ಏಣು ಇಲ್ಲವಾಗಿಲ್ಲವಲ್ಲ! ಒಂದು ಕಣ ಕಂಡಕ್ಟರನ ಚರ್ಮದ ಚೀಲದೊಳಗಿದೆ, ಒಂದು ಅಮೀನಗಡದ ಸಂತೆಗೆ ಹೋದವಳ ಸೆರಗಿನ ಗಂಟಿನಲ್ಲಿ, ಮತ್ತೊಂದು ಬನಶಂಕರಿ ಜಾತ್ರೆಯಲ್ಲಿ ಬಳೆ ಬೇಡಿದ ಮಗುವಿನ ಬೆವೆತ ಮುಷ್ಟಿಯಲ್ಲಿ. ಹುನಗುಂದ, ಬಾದಾಮಿ, ಬಾಗಲಕೋಟೆಯ ಯಾವ ಯಾವ ಅಂಗೈಗಳೋ ತಿಳಿಯದೆ ಒಂದೊಂದು ಚೂರು ಇಸಿದುಕೊಂಡಿವೆ.

ಜೊತೆಗಿದ್ದ ಗೆಳೆಯ "ಹುಣಸಿಹಣ್ಣ ಹಚ್ಚಿ ತಿಕ್ಕ್ರಿ, ಥಳಥಳ ಅಂತೈತಿ" ಎಂದ. ಅವನ ಊರಿಗೆ ತಕ್ಕ ಮಾತೇ. ಇಳಕಲ್ಲಿನ ಕೆಂಪು ಗ್ರಾನೈಟು ಉಜ್ಜಿದಷ್ಟೂ ಹೊಳೆಯುತ್ತದೆ, ಎಷ್ಟು ತೆಗೆದರೂ ಕೆಳಗೆ ಅದೇ ಕಲ್ಲು. ನಾಣ್ಯದ ಹೊಳಪಾದರೋ ಆ ಸಣ್ಣ ಗೆರೆಗಳಲ್ಲೇ ಇರುವುದು. ತಿಕ್ಕಿದರೆ ಗೆರೆ ಅಳಿಯುತ್ತದೆ, ಆಮೇಲೆ ಬರುವುದು ಬೇರೆ ಯಾವುದೋ ಮಿಂಚು. ಬಲ್ಲವರು ತಿಕ್ಕಿದ ನಾಣ್ಯವನ್ನು ಸವೆದದ್ದಕ್ಕಿಂತ ಕೆಳಗಿಡುತ್ತಾರೆ. ನನಗೂ ಅದು ನ್ಯಾಯವೆನಿಸುತ್ತದೆ.

ನಾಣ್ಯದ ಚಿತ್ರ ಸವೆಯುತ್ತದೆ, ಹೆಸರು ಅಷ್ಟು ಬೇಗ ಸವೆಯುವುದಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ, 578ರ ಶಾಸನವಿರುವಲ್ಲಿ, ಭೂದೇವಿಯನ್ನೆತ್ತಿದ ವರಾಹಮೂರ್ತಿ ಇದೆ. ವರಾಹ ಚಾಲುಕ್ಯರ ಲಾಂಛನ. ಅದರಿಂದಲೇ ಚಿನ್ನದ ನಾಣ್ಯಕ್ಕೆ ವರಾಹವೆಂಬ ಹೆಸರು ಬಂತೆನ್ನುತ್ತಾರೆ. ವಿಜಯನಗರದ ಕಾಲಕ್ಕೆ ನಾಣ್ಯದ ಮೇಲೆ ಉಮಾಮಹೇಶ್ವರರು ಕೂತರೂ ಜನ ಅದನ್ನು ವರಾಹವೆಂದೇ ಕರೆದರು. ಚಿತ್ರ ಹೋದಮೇಲೂ ಹೆಸರು ಬಾಳಿತು. ನಾಣ್ಯ ಅಚ್ಚು ಹಾಕುವ ಜಾಗಕ್ಕೆ ನಮ್ಮ ಹಿರಿಯರು ಕಮ್ಮಟ ಎನ್ನುತ್ತಿದ್ದರು. ಈಗ ಆ ಮಾತು ಕವಿಗಳ ಶಿಬಿರಕ್ಕೆ ಸಂದಿದೆ.

ಹುನಗುಂದದ ಬಸ್ಸು ಬರಲು ಹೊತ್ತಿತ್ತು. ಇಳಿಬಿಸಿಲಿಗೆ ನಾಣ್ಯವನ್ನು ಮತ್ತೊಮ್ಮೆ ಓರೆ ಮಾಡಿದೆ. ಮುಖ ಮಂಕು, ಸುತ್ತಲ ಬಯಲೂ ಮಂಕು. ಆದರೆ ಬಸವೇಶ್ವರ ಎಂಬ ಹೆಸರಿನ ಉಬ್ಬಕ್ಷರಗಳ ನಡುವೆ, ಯಾವ ಬೆರಳೂ ಇಳಿಯಲಾಗದ ಆ ಕಿರುಸಂದಿಗಳಲ್ಲಿ, ಏನೋ ಮಿನುಗಿತು. ಅಚ್ಚಿನ ಪೆಟ್ಟು ಬಿದ್ದ ದಿನದ ಹೊಳಪು ಅಲ್ಲಿ ಹಾಗೇ ಇತ್ತು.