ಐವರಿಗೂ ಒಂದೇ ಅಂಕ

ಹದಿಮೂರು ಮೀಟರ್ ಉದ್ದ, ಅಷ್ಟೇ ಅಗಲದ ಹಾಸು. ಅದರ ಮೇಲೆ ಐದು ಮಂದಿ ಹುಡುಗಿಯರು, ಐವರ ಕೈಯಲ್ಲೂ ಒಂದೊಂದು ಚೆಂಡು. ಸಂಗೀತದ ಒಂದು ಪೆಟ್ಟಿಗೆ ಐದೂ ಚೆಂಡುಗಳು ಒಟ್ಟಿಗೆ ಮೇಲೇಳುತ್ತವೆ. ಎಸೆದವಳು ತನ್ನ ಚೆಂಡು ಎಲ್ಲಿ ಹೋಯಿತೆಂದು ನೋಡುತ್ತ ನಿಲ್ಲುವುದಿಲ್ಲ. ನೆಲದ ಮೇಲೆ ಉರುಳಿ, ಎದ್ದು, ಗೆಳತಿ ಎಸೆದ ಚೆಂಡು ಇಳಿಯುವ ಜಾಗಕ್ಕೆ ಸರಿಯಾಗಿ ಬಂದಿರುತ್ತಾಳೆ. ತಾನು ಎಸೆದದ್ದನ್ನು ಹಿಡಿಯುವುದು ಇನ್ನೊಬ್ಬಳ ಹೊಣೆ. ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಗುಂಪು ವಿಭಾಗ ಎಂದರೆ ಇದು. ಎರಡೂಕಾಲು ನಿಮಿಷಕ್ಕೆ ಕಡಿಮೆಯಾಗದಂತೆ, ಎರಡೂವರೆ ನಿಮಿಷ ದಾಟದಂತೆ ಎಲ್ಲವೂ ಮುಗಿಯಬೇಕು. ಚೆಂಡು ಕೈಜಾರಿದರೆ ಅರ್ಧ ಅಂಕ ಹೋಗುತ್ತದೆ, ಅದರ ಹಿಂದೆ ನಾಲ್ಕು ಹೆಜ್ಜೆ ಓಡಬೇಕಾಗಿ ಬಂದರೆ ಪೂರ್ತಿ ಒಂದು ಅಂಕ. ಕೈತಪ್ಪಿದ್ದು ಒಬ್ಬಳಿಗೆ, ಕಳೆದುಕೊಳ್ಳುವವರು ಐವರೂ.

ಈ ಆಟದಲ್ಲಿ ರಷ್ಯಾದ ಅನಸ್ತಾಸಿಯಾ ಬ್ಲಿಜ್ನ್ಯುಕ್ ಮೂರು ಒಲಿಂಪಿಕ್ಸ್ ಕಂಡಳು. ಹುಟ್ಟಿದ್ದು 1994ರಲ್ಲಿ, ಉಕ್ರೇನಿನ ಝಪೊರಿಝಿಯಾ ನಗರದಲ್ಲಿ. 2012ರಲ್ಲಿ ಲಂಡನ್ನಿಗೆ ಹೋದಾಗ ಹದಿನೆಂಟರ ಹುಡುಗಿ. ಆ ತಂಡಕ್ಕೆ ಚಿನ್ನ ಬಂತು. 2016ರಲ್ಲಿ ರಿಯೊದಲ್ಲಿ ಮತ್ತೆ ಚಿನ್ನ. ಆ ದಿನಗಳಲ್ಲಿ ನಾವೆಲ್ಲ ಭಾರತದ ದೀಪಾ ಕರ್ಮಾಕರ್ ನಾಲ್ಕನೇ ಸ್ಥಾನದಲ್ಲಿ ನಿಂತು ಕಂಚು ಕಳೆದುಕೊಂಡದ್ದನ್ನೇ ಮಾತಾಡುತ್ತಿದ್ದೆವು. ಜಿಮ್ನಾಸ್ಟಿಕ್ಸ್‌ನಲ್ಲಿ ಹೀಗೊಂದು ಗುಂಪಿನ ಆಟವೂ ಇದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು?

ಎರಡು ಚಿನ್ನಗಳಲ್ಲಿ ನನಗೆ ಎರಡನೆಯದೇ ದೊಡ್ಡದು. ಲಂಡನ್ನಿನ ತಂಡದಲ್ಲಿ ಆರು ಜನರಿದ್ದರು. ಬ್ಲಿಜ್ನ್ಯುಕ್‌ಳ ಜೊತೆ ಪದಕ ಕೊರಳಿಗೆ ಹಾಕಿಕೊಂಡ ಉಳಿದ ಐವರಲ್ಲಿ ಒಬ್ಬಳೂ ರಿಯೊದಲ್ಲಿ ಇರಲಿಲ್ಲ. ಹಳಬಳೆಂದರೆ ಇವಳೊಬ್ಬಳೇ, ನಾಲ್ವರು ಹೊಸಬರು. ಸಾಧನಗಳೂ ಬದಲಾಗಿದ್ದವು. ಲಂಡನ್ನಿನಲ್ಲಿ ಒಂದು ಸುತ್ತಿಗೆ ಚೆಂಡು, ಇನ್ನೊಂದಕ್ಕೆ ರಿಬ್ಬನ್ನು ಮತ್ತು ಬಳೆ. ರಿಯೊದಲ್ಲಿ ಐವರಿಗೂ ರಿಬ್ಬನ್ನು, ಇನ್ನೊಂದು ಸುತ್ತಿಗೆ ಕ್ಲಬ್ಬು ಮತ್ತು ಬಳೆ. ಒಬ್ಬೊಬ್ಬಳ ಎಸೆತದ ಎತ್ತರ ಬೇರೆ, ಉಸಿರು ಬೇರೆ, ಹೆದರಿದಾಗ ಅವಸರ ಮಾಡುವ ರೀತಿ ಬೇರೆ. ಅಲ್ಲಿಯವರೆಗೆ ಮೈಗೂಡಿಸಿಕೊಂಡದ್ದನ್ನು ಬದಿಗಿಟ್ಟು, ಹೊಸ ನಾಲ್ವರ ಲೆಕ್ಕಕ್ಕೆ ತನ್ನನ್ನು ಮೊದಲಿನಿಂದ ಹೊಂದಿಸಿಕೊಳ್ಳಬೇಕು. ಒಲಿಂಪಿಕ್ ಚಾಂಪಿಯನ್ ಅನ್ನಿಸಿಕೊಂಡ ಮೇಲೆ ಹಾಗೆ ಮತ್ತೆ ಕಲಿಯಲು ಕೂರುವುದು ಸಣ್ಣ ಮಾತಲ್ಲ. ಅದೂ ರಿಯೊದಿಂದ ಒಂದು ತಂಡಕ್ಕೆ ಐದೇ ಜನ ಎಂದಾಯಿತು. ಒಬ್ಬಳ ಕಾಲು ಉಳುಕಿದರೆ ಅವಳ ಜಾಗಕ್ಕೆ ಬರಲು ಆರನೆಯವಳಿಲ್ಲ.

ಗುಂಪು ವಿಭಾಗ ಒಲಿಂಪಿಕ್ಸ್‌ಗೆ ಬಂದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಮೊದಲ ಚಿನ್ನ ಸ್ಪೇನಿನ ಪಾಲಾಯಿತು. ಆಮೇಲೆ 2000ದಿಂದ 2016ರವರೆಗೆ ಐದೂ ಸಲ ರಷ್ಯಾ ಗೆದ್ದಿತು. ಸಿಡ್ನಿ ಮತ್ತು ಅಥೆನ್ಸ್ ಎರಡರಲ್ಲೂ ಚಿನ್ನ ಗೆದ್ದ ತಂಡದಲ್ಲಿದ್ದ ಪೆಂಝಾ ಊರಿನ ನತಾಲಿಯಾ ಲಾವ್ರೊವಾ ಮೊದಲ ಸಲ ಗೆದ್ದಾಗ ಹದಿನಾರು ವರ್ಷದವಳು. 2010ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇಪ್ಪತ್ತೈದು. ಒಬ್ಬಂಟಿಯಾಗಿ ಆಡಿ ಗೆದ್ದವರ ಹೆಸರು ಜಗತ್ತಿಗೆ ಬಾಯಿಪಾಠವಾಗಿರುತ್ತದೆ. ಲಾವ್ರೊವಾಳಂಥವರ ಹೆಸರನ್ನು ಹುಡುಕಿ ಓದಬೇಕಾಗುತ್ತದೆ. ಅದಕ್ಕೇ ಇಲ್ಲಿ ಬರೆದೆ.

ಕೊರೊನಾದಿಂದ ಒಂದು ವರ್ಷ ಮುಂದಕ್ಕೆ ಹೋದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್ 8ರಂದು, ರಷ್ಯಾದ ಆ ಗೆಲುವಿನ ಸರಣಿ ಮುರಿಯಿತು. ಬಲ್ಗೇರಿಯಾಕ್ಕೆ 92.100 ಅಂಕ, ರಷ್ಯನ್ನರಿಗೆ 90.700. ಉದ್ದೀಪನ ಮದ್ದಿನ ಪ್ರಕರಣದಿಂದಾಗಿ ರಷ್ಯಾದವರು ತಮ್ಮ ಬಾವುಟವಿಲ್ಲದೆ, ಒಲಿಂಪಿಕ್ ಸಮಿತಿಯ ಹೆಸರಿನಲ್ಲಿ ಆಡಿದ ಕೂಟ ಅದು. ಇಪ್ಪತ್ತೇಳರ ಬ್ಲಿಜ್ನ್ಯುಕ್ ಬೆಳ್ಳಿಯೊಡನೆ ಮರಳಿದಳು. ಮರುವರ್ಷ ಉಕ್ರೇನಿನ ಮೇಲೆ ರಷ್ಯಾದ ಯುದ್ಧ ಶುರುವಾಯಿತು, ಅಂತರರಾಷ್ಟ್ರೀಯ ಒಕ್ಕೂಟ ರಷ್ಯಾದ ಜಿಮ್ನಾಸ್ಟರನ್ನು ಹೊರಗಿಟ್ಟಿತು. 2024ರ ಪ್ಯಾರಿಸ್‌ನಲ್ಲಿ ಗುಂಪಿನ ಚಿನ್ನ ಚೀನಾಕ್ಕೆ ಹೋಯಿತು. ಬ್ಲಿಜ್ನ್ಯುಕ್ ಹುಟ್ಟಿದ ಝಪೊರಿಝಿಯಾವೇ ಈಗ ಯುದ್ಧದ ಸುದ್ದಿಯಲ್ಲಿದೆ.

ಇಷ್ಟು ದೂರದ ಹುಡುಗಿಯೊಬ್ಬಳ ಬಗ್ಗೆ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಲ್ಲಿ ಕೂತು ಯೋಚಿಸಲು ಕಾರಣ ನಮ್ಮ ಕಡೆಯ ಲೇಜಿಮ್. ಕಟ್ಟಿಗೆಯ ಹಿಡಿಕೆ, ಅದಕ್ಕೆ ಬಿಗಿದ ಸರಪಳಿ, ಸರಪಳಿಯಲ್ಲಿ ಕಬ್ಬಿಣದ ಬಿಲ್ಲೆಗಳು. ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಶಾಲೆಯ ಅಂಗಳದಲ್ಲಿ ಹುಡುಗಿಯರ ಸಾಲು ನಿಲ್ಲುತ್ತದೆ. ಪಿ.ಟಿ. ಮಾಸ್ತರರು ಸೀಟಿ ಊದುತ್ತಾರೆ. ಕೂತು, ಎದ್ದು, ಬಾಗಿ, ತಿರುಗಿ ಹೊಡೆಯುವಾಗ ಒಂದು ಲೇಜಿಮ್ ಚೂರು ತಡವಾದರೂ ಕಿವಿಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ತಪ್ಪು ಬಿಲ್ಲೆಯ ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಮೊದಮೊದಲು ಪಕ್ಕದವಳ ಕೈ ನೋಡಿಕೊಂಡು ಹೊಡೆಯುವ ಹುಡುಗಿ ಹತ್ತು ದಿನಕ್ಕೆ ನೋಡುವುದನ್ನು ಬಿಡುತ್ತಾಳೆ. ಪಕ್ಕದವಳು ಎಲ್ಲಿದ್ದಾಳೆಂದು ಅವಳ ಮೈಗೇ ಗೊತ್ತಾಗಿರುತ್ತದೆ. ಐವರ ಹಾಸಿನ ಮೇಲೆ ಬೇಕಾದ ಮೊದಲ ವಿದ್ಯೆ ಇದೇ, ಇದನ್ನು ನಮ್ಮ ಹುಡುಗಿಯರು ಯಾವ ದೊಡ್ಡ ಕೋಚೂ ಇಲ್ಲದೆ ಕಲಿಯುತ್ತಾರೆ.

ಕಲಿತದ್ದು ಮುಂದುವರಿಯುವುದಿಲ್ಲ, ನನ್ನ ಸಂಕಟ ಅಷ್ಟೇ. ಬಾವುಟ ಇಳಿದ ಮೇಲೆ ಲೇಜಿಮ್‌ಗಳು ಕಪಾಟು ಸೇರಿದರೆ ಹೊರಗೆ ಬರುವುದು ಜನವರಿಯಲ್ಲಿ. ಹತ್ತನೆಯ ತರಗತಿ ಮುಗಿದರೆ ಅದೂ ಇಲ್ಲ. ಗುಂಪು ಜಿಮ್ನಾಸ್ಟಿಕ್ಸ್‌ನಲ್ಲಿ ಹಿರಿಯರ ತಂಡಕ್ಕೆ ಸೇರಲು ಆ ವರ್ಷದೊಳಗೆ ಹದಿನಾರು ತುಂಬುವಂತಿರಬೇಕು. ಅಂದರೆ ನಮ್ಮಲ್ಲಿ ಹುಡುಗಿಯರ ಆಟ ನಿಲ್ಲುವ ವಯಸ್ಸಿನಲ್ಲಿ ಅಲ್ಲಿ ಆಟ ಶುರುವಾಗುತ್ತದೆ. ಪದಕ ಗೆಲ್ಲಲಿ ಎಂದು ನಾನು ಕೇಳುತ್ತಿಲ್ಲ. ಒಲಿಂಪಿಕ್ಸ್ ಹಾಸು ನಮ್ಮ ಅಂಗಳಕ್ಕೆ ಬರುವ ಮಾತೂ ದೂರವೇ. ಕಾಲೇಜಿಗೆಂದು ರಾಮದುರ್ಗಕ್ಕೆ ಬಸ್ಸು ಹತ್ತುವ ಹುಡುಗಿಯರು ಶನಿವಾರ ಸಂಜೆ ಒಂದು ತಾಸು ಬಂದು ಚಿಕ್ಕವರ ಸಾಲಿನಲ್ಲಿ ನಿಲ್ಲಲಿ, ಹೊಸಬರಿಗೆ ಹೇಳಿಕೊಡಲಿ. ಶಾಲಾ ಸಮಿತಿಯವರು ಕಪಾಟಿನ ಕೀಲಿ ಕೊಡಲಿ, ತಾಯಂದಿರು ಆ ಒಂದು ತಾಸು ಮನೆಗೆಲಸದಿಂದ ಬಿಡುವು ಕೊಡಲಿ. ಈ ವರ್ಷದ ಆಗಸ್ಟ್ ಹದಿನಾರರಿಂದಲೇ ಇದು ಆಗುವ ಕೆಲಸ.